ಮಳೆ ಬಿಟ್ಟ ಮೇಲೆ ಕಲಿತರಾಯ್ತು

ಮೊನ್ನೆ ಬೀರುವಿನ ಮೇಲಿದ್ದ ರಟ್ಟಿನ ಪೆಟ್ಟಿಗೆ ಇಳಿಸಿದಾಗ ಒಂದು ದಪ್ಪ ಪುಸ್ತಕ ಸಿಕ್ಕಿತು. ಹೊಸ ಬಗೆಯ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕ. ಕೊಂಡು ಎಷ್ಟೋ ವರ್ಷವಾದರೂ ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ನಾನು ಬಿಚ್ಚಿರಲಿಲ್ಲ. ಬಿಚ್ಚಿದರೆ ಬೂಷ್ಟಿನ ವಾಸನೆ. ಆ ‘ಹೊಸ’ ವಿದ್ಯೆ ಹಳತಾಗಿ, ಅದರ ನಂತರ ಬಂದದ್ದೂ ಹಳತಾಗಿ ಹೋಗಿದೆ. “ಓದದೇ ಇರೋ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತಾ!” ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಜಯಂತಿ ನೆನಪಾದಳು.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನಲ್ಲೇ ಕೂತು, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ಎಸ್ಟೇಟ್ ಆಫೀಸುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವನು ನಾನು. ತೋಟದಿಂದ ಬಂದ ಮೂಟೆ ಯಾರದು, ತೇವ ಎಷ್ಟು, ಸಿಪ್ಪೆ ತೆಗೆದ ಮೇಲೆ ಯಾವ ದರ್ಜೆಯ ಬೀಜ ಎಷ್ಟು ಸಿಕ್ಕಿತು, ಇಷ್ಟನ್ನು ಹೇಳುವ ಒಂದು ಪ್ರೋಗ್ರಾಮನ್ನು ಪ್ರಾಯದಲ್ಲಿ ಬರೆದೆ. ಕಪ್ಪು ಪರದೆ, ಹಸಿರು ಅಕ್ಷರ. ಅದೊಂದರ ಬಲದ ಮೇಲೆ ಇಪ್ಪತ್ತು ವರ್ಷ ‘ಕಂಪ್ಯೂಟರ್ ಸರ್’ ಅನ್ನಿಸಿಕೊಂಡು ಮೆರೆದೆ.

ಹೊಸದನ್ನು ಕಲಿಯಬಾರದು ಎಂಬ ಹಟವೇನೂ ಇರಲಿಲ್ಲ, ನಂಬಿ. ನಮ್ಮ ಕಡೆ ಮನುಷ್ಯರ ಪುರಸೊತ್ತು ಕೂಡ ಕಾಫಿಯ ಕೈಯಲ್ಲಿರುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ವರ್ಕ್ಸ್‌ನವರು ಉಸಿರಾಡಲು ಬಿಡುವುದಿಲ್ಲ, ಗಿಡ ಹೂ ಬಿಡಿಸುವ ಬೇಸಿಗೆಯ ಹೂಮಳೆ ಆದ ಮೇಲೆ ನೋಡೋಣ ಅನ್ನುತ್ತೇವೆ. ಆಗ ನೆಂಟರಿಷ್ಟರ ಮದುವೆಗಳು. ಮಳೆಗಾಲದಲ್ಲಿ ಪುರಸೊತ್ತು ಧಾರಾಳ, ಆದರೆ ಕರೆಂಟಿಲ್ಲ. ಮಳೆ ಬಿಡಲಿ ಅಂದುಕೊಂಡು ಕಾಯುವಷ್ಟರಲ್ಲಿ ಮತ್ತೆ ಹಣ್ಣು ಕೆಂಪಾಗಿರುತ್ತದೆ. ಗಿಡಗಳಾದರೂ ಪ್ರತಿವರ್ಷ ಹೊಸ ಚಿಗುರು ಬಿಡುತ್ತಿದ್ದವು.

ಜಯಂತಿ ಒಂದು ವರ್ಕ್ಸ್‌ನ ಕಂಪ್ಯೂಟರ್ ರೂಮಿನಲ್ಲಿದ್ದಳು. ಆಲ್ದೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಮೂಟೆಗಳ ವಿವರವನ್ನೆಲ್ಲ ನನ್ನ ಪ್ರೋಗ್ರಾಮಿಗೆ ಉಣಿಸುವುದು ಅವಳ ಕೆಲಸ. ಆ ಪ್ರೋಗ್ರಾಮಿಗೊಂದು ರೋಗವಿತ್ತು. ತೇವದ ಅಂಕಿ ಸ್ವಲ್ಪ ಹೆಚ್ಚಾದರೂ ಸಾಕು, ಮುಷ್ಕರ ಹೂಡಿದಂತೆ ನಿಂತುಬಿಡುತ್ತಿತ್ತು. ತಪ್ಪು ನನ್ನದೇ. ಅದನ್ನು ಸರಿಮಾಡುವ ಬದಲು, “ಅಂಥದ್ದು ಬಂದ್ರೆ ತೊಂಬತ್ತೊಂಬತ್ತು ಅಂತ ಹೊಡಿ, ಮುಂದೆ ಹೋಗುತ್ತೆ” ಎಂದು ಹೇಳಿಕೊಟ್ಟಿದ್ದೆ. ನನ್ನ ಪ್ರೋಗ್ರಾಮಿಗೆ ಅದು ‘ತೇವ ನೋಡದೆ ದಾಟು’ ಎಂಬ ಗುರುತು. ಇಂಥ ಅಡ್ಡದಾರಿಗಳು ಹತ್ತಾರಿದ್ದವು. ಎಲ್ಲವೂ ಅವಳ ಬೆರಳ ತುದಿಯಲ್ಲಿ. ನಾನು ತಿದ್ದದೆ ಬಿಟ್ಟ ತಪ್ಪುಗಳನ್ನೇ ಅವಳು ವಿದ್ಯೆ ಅಂತ ಕಲಿತಿದ್ದಳು.

ಒಂದು ದಿನ ಒಂದು ಅರ್ಜಿ ಹಿಡಿದುಕೊಂಡು ಬಂದಳು.

“ಸರ್, ಬಸ್ ಸ್ಟ್ಯಾಂಡ್ ಹತ್ರ ಸಂಜೆ ಕ್ಲಾಸ್ ಶುರುವಾಗಿದೆ. ಹೊಸ ಸಾಫ್ಟ್‌ವೇರೆಲ್ಲ ಹೇಳಿಕೊಡ್ತಾರಂತೆ. ಸೇರ್ಲಾ?”

“ಯಾಕೆ, ನಮ್ಮದು ಬೇಜಾರು ಬಂತಾ?”

“ಅಯ್ಯೋ ಹಾಗಲ್ಲ. ನಿಮ್ಮ ಪ್ರೋಗ್ರಾಮನ್ನ ಒಂದಿನ ತೆಗೆದುಬಿಟ್ರೆ? ನಂಗೆ ಬೇರೆ ಏನೂ ಬರಲ್ಲ.”

“ನಾನಿರೋ ತನಕ ಅದೆಲ್ಲೂ ಹೋಗಲ್ಲ ಮಾರಾಯ್ತಿ. ಸುಮ್ನೆ ಬಸ್ ತಪ್ಪಿಸ್ಕೊಂಡು ಒದ್ದಾಡ್ಬೇಡ. ಮಳೆ ಬಿಟ್ಮೇಲೆ ನಾನೇ ಹೇಳಿಕೊಡ್ತೀನಿ.”

“ಅದಕ್ಕೆ ಮೊದ್ಲು ನೀವು ಕಲೀಬೇಕಲ್ಲ ಸರ್!” ಎಂದು ಕೀಟಲೆ ಮಾಡಿದಳು. ಇಬ್ಬರೂ ನಕ್ಕೆವು. ನಗುತ್ತಲೇ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು.

ಅವಳ ಒಳ್ಳೆಯದಕ್ಕೇ ಹೇಳಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದು ಸುಳ್ಳು. ನನಗೆ ಬಾರದ್ದನ್ನು ಅವಳು ಕಲಿತು ಬಂದು ಏನಾದರೂ ಕೇಳಿದರೆ ಏನು ಮಾಡುವುದು ಎಂಬ ಅಂಜಿಕೆ ಅದು.

ಎರಡು ವರ್ಷ ಕಳೆಯಿತು. ವರ್ಕ್ಸ್‌ನ ಯಜಮಾನರು ಕರೆಸಿ, “ಬೆಳೆಗಾರರು ತಮ್ಮ ಕಾಫಿ ಎಲ್ಲಿಗೆ ಬಂತು ಅಂತ ಮನೇಲೇ ಕೂತು ಫೋನಲ್ಲಿ ನೋಡ್ಬೇಕಂತಾರೆ. ನಿಮ್ಮಿಂದ ಆಗುತ್ತಾ?” ಎಂದು ಕೇಳಿದರು. “ಮಳೆ ಬಿಡ್ಲಿ, ನೋಡೋಣ” ಎಂದೆ. ಅವರು ಅಲ್ಲಿಯವರೆಗೆ ಕಾಯಲಿಲ್ಲ. ಹೊರಗಿನವರು ಬಂದು ಹೊಸದನ್ನು ಹಾಕಿಕೊಟ್ಟು ಹೋದರು.

ಜಯಂತಿ ಹೊಸ ಪರದೆಯ ಮುಂದೆ ಕೂತಳು. ತೇವ ಹೆಚ್ಚಿದ್ದ ಮೂಟೆಗಳು ಬಂದವು. ಅವಳ ಬೆರಳು ತಾನಾಗಿಯೇ ತೊಂಬತ್ತೊಂಬತ್ತು ಒತ್ತಿತು. ಹೊಸ ಪ್ರೋಗ್ರಾಮು ಅದನ್ನು ನಿಜವೆಂದೇ ನಂಬಿತು. ಯಾರೋ ಬೆಳೆಗಾರರಿಗೆ ‘ನಿಮ್ಮ ಕಾಫಿ ನೀರಾಗಿದೆ’ ಎನ್ನುವಂಥ ಸುದ್ದಿ ಫೋನಿನಲ್ಲಿ ಹೋಯಿತು. ಒಂದೇ ವಾರದಲ್ಲಿ ಮೂರು ಸಲ ಹೀಗಾಯಿತು. ನಾಲ್ಕನೆಯ ಸಲಕ್ಕೆ ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಹೆಂಗಸರು ಕೈಯಲ್ಲಿ ಬೀಜ ಆರಿಸುವ ಹಾಲಿಗೆ ಕಳಿಸಿದರು.

ಅದು ನಾನು ಹೇಳಿಕೊಟ್ಟದ್ದು ಅಂತ ಯಜಮಾನರ ಹತ್ತಿರ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಕೊನೆಗೊಮ್ಮೆ ಹಾಲಿಗೆ ಹೋದೆ. ತಲೆಗೆ ಬಟ್ಟೆ ಕಟ್ಟಿಕೊಂಡು, ರೆಪ್ಪೆಯ ಮೇಲೆಲ್ಲ ಧೂಳು ಕೂತು, ಕಪ್ಪು ಬೀಜ ಹೆಕ್ಕುತ್ತಿದ್ದಳು. “ಹೇಗಿದೆ ಜಯಂತಿ?” ಎಂದೆ. ಬೇರೇನು ಕೇಳುವುದು?

“ಇಲ್ಲಿ ಕಲಿಯೋದೇನೂ ಇಲ್ಲ ಸರ್. ಕಣ್ಣಿದ್ರೆ ಸಾಕು,” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಮುಂದಿನ ಕೊಯ್ಲಿಗೆ ಅವಳು ಅಲ್ಲಿರಲಿಲ್ಲ. ಎಲ್ಲಿಗೆ ಹೋದಳೆಂದು ವಿಚಾರಿಸುವಷ್ಟು ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಆ ಪುಸ್ತಕ ಸಿಕ್ಕ ದಿನವೇ ಸಂಜೆ ಮೂಡಿಗೆರೆಯಿಂದ ವಸಂತಣ್ಣನ ಫೋನು. ನನ್ನ ಹಳೆಯ ಪ್ರೋಗ್ರಾಮು ಇನ್ನೂ ಉಸಿರಾಡುತ್ತಿರುವ ಒಂದೇ ಎಸ್ಟೇಟಿನ ರೈಟರ್ ಅವರು, ಆಫೀಸಿನ ಕಾಗದಪತ್ರವೆಲ್ಲ ಅವರದೇ. ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಸರ್, ನಿಮ್ಮ ಪ್ರೋಗ್ರಾಮು ಇನ್ನೊಂದೈದು ವರ್ಷ ಬರುತ್ತಲ್ವಾ? ನಂಗೂ ರಿಟೈರ್ ಆಗೋಕೆ ಅಷ್ಟೇ ಇರೋದು.”

ಬರುತ್ತೆ ಬಿಡಿ ಅನ್ನುವುದು ನನ್ನ ರೂಢಿ.

“ಬರಲ್ಲ ವಸಂತಣ್ಣ,” ಎಂದೆ. “ನಿಮ್ಮ ಎಸ್ಟೇಟಿನ ಚಿಕ್ಕ ಧಣಿಗಳು ಇವತ್ತಲ್ಲ ನಾಳೆ ತೆಗೆಸ್ತಾರೆ. ಹೊಸದು ನಂಗೆ ಬರಲ್ಲ. ನನ್ನ ನಂಬ್ಕೊಂಡು ಕೂರ್ಬೇಡಿ, ಈಗ್ಲೇ ಎಲ್ಲಾದ್ರೂ ಕಲಿಯೋಕೆ ಸೇರ್ಕೊಳ್ಳಿ.”

“ಹಾಗಾದ್ರೆ ಈ ಎಸ್ಟೇಟೂ ನಿಮ್ಮ ಕೈತಪ್ಪುತ್ತಲ್ಲ ಮಾರಾಯ್ರೆ?”

“ತಪ್ಪುತ್ತೆ. ಅದಿರ್ಲಿ, ನೀವು ಯಾವತ್ತು ಸೇರ್ತೀರಿ? ಅದನ್ನ ಹೇಳಿ.”