ಡ್ರಮ್ಮಿಗೆ ಬೆನ್ನು ಕೊಟ್ಟು ಕೂತ ಅವ್ವ

ತೊಂಬತ್ತರ ದಶಕದಲ್ಲಿ ನಾನು ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಶಿಕ್ಷಕಿಯಾಗಿದ್ದೆ. ಮೂವತ್ತು ದಾಟಿದ ಮೇಲೆ ಡ್ರಮ್ಸ್ ಕಲಿಯುವ ಆಸೆ ಹುಟ್ಟಿತು. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಮದುವೆ ಬ್ಯಾಂಡಿನ ಮುದುಕರೊಬ್ಬರು ಕೈ ಸೋತು ಬಾರಿಸುವುದನ್ನು ಬಿಟ್ಟಿದ್ದರು. ಅವರ ಹಳೆಯ ಸೆಟ್ಟನ್ನು ಕೊಂಡೆ.

"ಒಂದ ಸ್ಕ್ರೂ ಪೂರಾ ಬಿಗೀಬ್ಯಾಡ್ರೀ ಟೀಚರ್. ಇದನ್ನ ಸ್ವಲ್ಪ, ಇದರ ಎದುರಿಂದು ಸ್ವಲ್ಪ. ಚರ್ಮ ಎಲ್ಲಾ ಕಡಿ ಬರಾಬರ್ ಎಳೀಬೇಕು" ಎಂದು ತೋರಿಸಿಕೊಟ್ಟರು.

ಬಸ್ಸಿನ ಮೇಲೆ ಹಗ್ಗ ಬಿಗಿದು ಮನೆಗೆ ತಂದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಅವರು ಹೇಳಿದಂತೆಯೇ ಬಿಗಿದೆ. ಬಾರಿಸಲು ಕೂತರೆ ಹೊಸ ತೊಂದರೆ. ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು ಪ್ರತಿ ಪೆಟ್ಟಿಗೂ ನುಣುಪಾದ ಫರಸಿ ಕಲ್ಲಿನ ನೆಲದ ಮೇಲೆ ಮುಂದಕ್ಕೆ ಜಾರುತ್ತಿತ್ತು. ನಾನು ಸ್ಟೂಲು ಎಳೆದುಕೊಂಡು ಅದರ ಹಿಂದೆಯೇ ಹೋಗುತ್ತಿದ್ದೆ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹೆಣ್ಣಮಕ್ಕಳು ಬಾರಸೋದೇನ ಇದು?" ಎಂದು ಮುನಿಸಿಕೊಂಡು ಎರಡು ದಿನದಿಂದ ಮಾತು ಬಿಟ್ಟಿದ್ದವಳು. ಈಗ ತೊಗರಿಬೇಳೆಯ ಮೊರ ಹಿಡಿದು ಬಂದವಳೇ ಡ್ರಮ್ಮಿಗೆ ಬೆನ್ನು ಕೊಟ್ಟು ಕೂತಳು.

"ಬಾರ್ಸು. ನಾ ಹಿಡದೀನಿ."

ಹೆದರುತ್ತಲೇ ಮೆಲ್ಲಗೆ ಬಾರಿಸಿದೆ.

"ಇನ್ನಾ ಜೋರ ಬಾರ್ಸವಾ, ಬೆನ್ನಿಗಿ ಹಿತ ಅನಸ್ತದ" ಎಂದಳು, ಬೇಳೆಯಿಂದ ಕಣ್ಣೆತ್ತದೆ. ನನಗೆ ನಗು ತಡೆಯಲಾಗಲಿಲ್ಲ. ಅವಳ ಭುಜಗಳೂ ನಗುವಿಗೆ ಕುಲುಕುತ್ತಿದ್ದವು.

ಮರುದಿನ ಡ್ರಮ್ಮಿನ ಕೆಳಗೆ ಗೋಣಿಚೀಲ ಹಾಸಿದೆ. ಜಾರುವುದು ನಿಂತಿತು. ಆದರೂ ಸಂಜೆ ನಾನು ಕೋಲು ಕೈಗೆತ್ತಿಕೊಂಡರೆ ಸಾಕು, ಅವ್ವ ಬಂದು ಅಲ್ಲೇ ಕೂರುತ್ತಿದ್ದಳು. ಇನ್ನು ಹಿಡಿಯುವುದು ಬೇಕಿಲ್ಲವೆಂದು ನಾನೂ ಹೇಳಲಿಲ್ಲ.