ಗಂಜಿ ಕೇಂದ್ರದಲ್ಲೊಂದು ಗಂಟು

“ಯವ್ವಾ, ಆ ಗಂಟು ಬಿಚ್ಚು ನೋಡೂಣು,” ಎಂದೆ. ಹೊಳೆ ಬಂದು ಮನೆ ಬಿಟ್ಟವರಿಗಾಗಿ ಬನಹಟ್ಟಿಯ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದ ಉಸ್ತುವಾರಿ ನನ್ನದು. ಹಂಚಲು ತಂದಿಟ್ಟ ಹೊಸ ಚಾದರಗಳಲ್ಲಿ ಒಂದು ಹಂಚುವ ಮೊದಲೇ ಕಾಣೆಯಾಗಿತ್ತು. ಹಿಂದಿನ ದಿನ ಬಂದ ನೇಕಾರ ಮುದುಕಿ ಊಟಕ್ಕೂ ಗಂಟು ಬಿಟ್ಟು ಏಳುತ್ತಿರಲಿಲ್ಲ.

“ಯಾಕ್ರಿ? ನಿನ್ನಿ ನಿಮ್ಮ ಮಂದಿ ನನ್ನ ಮಗ್ಗದ ಸಾಮಾನು ಗಂಜಿ ಒಲಿಗೆ ಹಾಕ್ಯಾರ. ಇದನ್ನೂ ಸುಡಬೇಕೇನು?”

ಗದರಿಸಿದ ಮೇಲೆ ಬಿಚ್ಚಿದಳು. ಚಾದರ ನಮ್ಮದೇ. ಒಳಗೆ ನೂಲನ್ನು ಬಿಡಿಬಿಡಿಯಾಗಿ ಹಿಡಿಯುವ ಮಗ್ಗದ ಹಣಿಗೆ, ಅದರ ಹಲ್ಲುಗಳಲ್ಲಿ ಹಳೆಯ ಹಾಸಿನ ಉದ್ದನೂಲಿನ ಎಳೆಗಳು. ಊರಿಗೆ ಮರಳಿದಾಗ ಅವಕ್ಕೇ ಹೊಸ ಎಳೆ ಕೂಡಿಸಿ ನೇಯಬೇಕಂತೆ. ನಾನು ಹೋಗಿ ಒಲೆಯ ಬೂದಿ ಕೆದಕಿದೆ. ಸುಟ್ಟುಹೋದ ಮರದ ಲಾಳಿಯ ಕಬ್ಬಿಣದ ತುದಿ ಸಿಕ್ಕಿತು.

ಚಾದರ ಮರಳಿ ಕೇಳಲಿಲ್ಲ. ಅಂದಿನಿಂದ ಒಲೆಗೆ ಹೋಗುವ ಕಟ್ಟಿಗೆಯನ್ನು ನಾನೇ ನೋಡಿ ಕೊಟ್ಟೆ. ಆದರೂ ಕೇಂದ್ರ ಮುಚ್ಚುವವರೆಗೆ ಆಕೆ ಗಂಟನ್ನು ತಲೆಯಡಿ ಇಟ್ಟುಕೊಂಡೇ ಮಲಗಿದಳು.