ಬಿಲ್ಲೆ ತಂದವರಿಗೆ ನಾಯಿ

ನನ್ನ ಗಂಟಲಲ್ಲಿ ಒಂದು ಓಣಿಯೇ ಬಾಡಿಗೆಗಿದೆ. ಮನೆ ಓನರ್ ಕೆಮ್ಮು, ಅವ್ವನ ನಿಟ್ಟುಸಿರು, ಮಲೆಬೆನ್ನೂರಿನ ಸೋದರಮಾವನ ಮೂಗಿನ ಮಾತು, ಯಾವುದು ಬೇಕೆಂದರೆ ಅದನ್ನು ತೆಗೆಯಬಲ್ಲೆ. ನನ್ನದೇ ಧ್ವನಿಯಲ್ಲಿ ಮಾತಾಡಿದರೆ ಮಾತ್ರ ಜನ "ಇದು ಯಾರದಪ್ಪ, ಅಷ್ಟು ಚಲೋ ಬರ್ಲಿಲ್ಲ" ಅನ್ನುತ್ತಾರೆ. ಇಂಥ ನನ್ನನ್ನು ಒಂದು ಆರ್ಕೆಸ್ಟ್ರಾ ತಂಡದವರು ಕೊಪ್ಪಳದ ಕಡೆ ಒಂದು ವಾರದ ಕಾರ್ಯಕ್ರಮಗಳಿಗೆ ಕರೆದಾಗ ಕುಣಿದಾಡಬೇಕಿತ್ತು. ಕುಣಿಯಲು ಎದ್ದವನು ಹಾಗೇ ಕೂತೆ. ದಾವಣಗೆರೆಯ ಆನೆಕೊಂಡದ ನನ್ನ ಬಾಡಿಗೆ ಕೋಣೆಯ ಹೊಸ್ತಿಲಿಗೆ ಗದ್ದ ಊರಿ ನಾಯಿ ಮಲಗಿತ್ತು. ಇದನ್ನು ಯಾರ ಹತ್ತಿರ ಬಿಟ್ಟು ಹೋಗುವುದು?

ಹೋದ ಸಲ ಒಂದು ಮದುವೆಗೆ ಹೋಗುವಾಗ ಮಾವನ ಮನೆಯಲ್ಲಿ ಬಿಟ್ಟಿದ್ದೆ. ವಾಪಸ್ ಬಂದು ನೋಡಿದರೆ ಸರಪಳಿ ಇತ್ತು, ನಾಯಿ ಇರಲಿಲ್ಲ.

"ಯಾರೋ ಟ್ರ್ಯಾಕ್ಟರ್‌ನಾಗೆ ಬಂದಿದ್ರಪ್ಪ," ಎಂದರು ಮಾವ. "ನಿಮ್ಮ ಅಳಿಯನೇ ಹೇಳಿ ಕಳ್ಸ್ಯಾನೆ ಅಂದ್ರು. ಕೊಟ್ಟೆ."

"ಯಾರು ಅಂತ ಕೇಳ್ಲಿಲ್ಲೇನು ಮಾವ?"

"ಅಷ್ಟು ಮರ್ಯಾದಿಯಿಂದ ಮಾತಾಡೋರನ್ನ ನೀವ್ಯಾರು ಅಂತ ಹೆಂಗೆ ಕೇಳೋದೋ? ಚಾ ಕುಡಿಸಿ ಕಳ್ಸಿದೆ."

ಕಂಡ ಟ್ರ್ಯಾಕ್ಟರಿನವರನ್ನೆಲ್ಲ ವಿಚಾರಿಸುತ್ತ ಹೋಗಿ ಕೊನೆಗೆ ಸಾರಥಿ ಎಂಬ ಹಳ್ಳಿಯಲ್ಲಿ ಪತ್ತೆ ಮಾಡಿದೆ. ಒಂದು ಮನೆಯ ಮುಂದೆ ಭತ್ತದ ಚೀಲಗಳ ಕಾವಲಿಗೆ ಕಟ್ಟಿಹಾಕಿದ್ದರು. ಹಗ್ಗ ಬಿಚ್ಚಿದರೆ ಅದು ಬೊಗಳಲಿಲ್ಲ, ಬಾಲ ಆಡಿಸಲಿಲ್ಲ. ನನ್ನ ಕಾಲುಗಳ ನಡುವೆ ತಲೆ ತೂರಿಸಿ ಸುಮ್ಮನೆ ನಿಂತುಬಿಟ್ಟಿತು. ಅವತ್ತೇ ತೀರ್ಮಾನಿಸಿದೆ: ನನ್ನ ಹೆಸರು ಹೇಳಿಕೊಂಡು ಬಂದವರಿಗೆಲ್ಲ ಇದನ್ನು ಒಪ್ಪಿಸದ ಮನುಷ್ಯರು ಸಿಕ್ಕರೆ ಮಾತ್ರ ಊರು ಬಿಡುವುದು.

ಅಂಥವರನ್ನು ಪರೀಕ್ಷಿಸುವ ವಿದ್ಯೆ ಹೇಗೂ ಗಂಟಲಲ್ಲೇ ಇತ್ತಲ್ಲ. ದಾವಣಗೆರೆಯಲ್ಲೇ ನಾಯಿ ನೋಡಿಕೊಳ್ಳುವ ಕೆಲಸ ಶುರುಮಾಡಿದ್ದ ಒಬ್ಬ ಯುವಕನ ಹತ್ತಿರ ಒಂದು ಬೆಳಿಗ್ಗೆ ಬಿಟ್ಟುಬಂದೆ. ಶೆಡ್ಡು ಚೊಕ್ಕಟ, ಫ್ಯಾನು ಇದೆ, ಗಳಿಗೆಗೊಂದು ಫೋಟೋ ಕಳಿಸುತ್ತಾನೆ. ಬೇರೆ ನಂಬರಿನಿಂದ ಮಾವನ ಮೂಗು ಧರಿಸಿ ಫೋನ್ ಮಾಡಿದೆ.

"ನಾನು ಅವನ ಮಾವ. ಆಳು ಕಳಿಸ್ತೀನಿ, ನಾಯಿ ಕೊಡ್ತೀರೇನು?"

"ಕಳಿಸ್ರಿ ಅಂಕಲ್. ಸ್ನಾನ ಮಾಡ್ಸಿ ನಿಲ್ಸಿರ್ಲೇನ್ರಿ?"

ಆಳಾಗಿ ನಾನೇ ಓಡಿ ಹೋಗಿ ಕರೆತಂದೆ. ಆಮೇಲೆ ಎದುರು ಮನೆಯ ಅಕ್ಕನ ಸರದಿ. ನಾಯಿಯನ್ನು ಅಲ್ಲಿ ಬಿಟ್ಟು, ಫೋನಿನಲ್ಲಿ ನಮ್ಮ ಓನರ್ ಕೆಮ್ಮನ್ನು ಎರಡು ಸಲ ಕೆಮ್ಮಿದ್ದಷ್ಟೇ, ಇನ್ನೂ ಬಾಯಿ ತೆರೆದಿರಲಿಲ್ಲ. "ಅಯ್ಯ, ನೀವೇ ಕೇಳಿದ್ ಮ್ಯಾಲೆ ಇಲ್ಲ ಅನ್ನಾಕಾಗತೈತೇನ್ರಿ? ಒಯ್ರಿ," ಎಂದುಬಿಟ್ಟಳು. ಏನು ಒಯ್ಯಬೇಕೆಂದು ನಾನು ಹೇಳಿಯೇ ಇರಲಿಲ್ಲ.

ನಮ್ಮ ಕಡೆ ಜನರ ತೊಂದರೆಯೇ ಇದು. ಮರ್ಯಾದೆಯಿಂದ ಕೇಳಿದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಹೊರಗಿನವರ ಮಾತೇಕೆ, ತಂಡದವರು "ಸರ್" ಎಂದರೆಂದೇ ಅಲ್ಲವೇ ನಾನೂ ನಾಯಿಯ ನೆನಪಿಲ್ಲದೆ ಹೂಂ ಅಂದದ್ದು?

ನನ್ನ ಸ್ವಂತ ಅಕ್ಕನ ಬಾಣಂತನಕ್ಕೆ ಹೋಗಿದ್ದ ಅವ್ವ ಫೋನಿನಲ್ಲಿ ಎಲ್ಲವನ್ನೂ ಕೇಳಿ ತನ್ನ ಪ್ರಖ್ಯಾತ ನಿಟ್ಟುಸಿರು ಬಿಟ್ಟಳು. "ಹರಿಹರದ ಗುಡಿ ಮುಂದ ಚಪ್ಪಲಿ ಕಾಯೋ ಅಜ್ಜಿ ಅದಾಳಲ್ಲ, ಆಕಿ ಹತ್ರ ಬಿಡು. ಹಿಂದೆ ನಿಮ್ಮಪ್ಪ ಬಿಲ್ಲೆ ಕಳ್ಕೊಂಡಿದ್ಕೆ, ಅವರ ಚಪ್ಪಲಿ ಕಣ್ಮುಂದೆ ಇದ್ರೂ ಕೊಡ್ಲಿಲ್ಲ ಆಕಿ. ಗುಡಿ ಬಾಗಿಲು ಹಾಕೋತನ ಕೂಡ್ರಿಸಿದ್ಲು."

ಹರಿಹರ ಎಂದರೆ ಈಗಲೂ ಅಪ್ಪನ ಮುಖ ಗಂಟಾಗುತ್ತದೆ. ನನಗೆ ಮಾತ್ರ ಆ ಮಾತು ಕೇಳಿ ಜೀವಕ್ಕೆ ತಂಪಾಯಿತು.

ಅಜ್ಜಿ ಮರದ ಗೂಡುಗಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಹಿಂದೆಯೇ ಅವಳ ಮನೆ, ಬೇವಿನ ನೆರಳಿನ ಹಿತ್ತಲು. ನಾನು ಯಾರ ಮಗ ಎಂದು ಹೇಳಿ, ಒಂದು ವಾರ ನಾಯಿಯನ್ನು ಇಟ್ಟುಕೊಳ್ಳಬೇಕೆಂದು ಕೇಳಿದೆ. ನಾಯಿಯನ್ನು ಮೂಸಿ ನೋಡುವುದೊಂದು ಬಾಕಿ, ಅಷ್ಟು ಹೊತ್ತು ನೋಡಿದಳು.

"ಏನು ತಿಂತೈತೆ?"

"ಅನ್ನ, ಮೊಸರು. ಆಮ್ಯಾಲೆ ಅಜ್ಜಿ... ಚಪ್ಪಲಿನೂ ಕಡಿತೈತೆ."

ಚಪ್ಪಲಿ ಕಾಯುವವಳ ಮುಂದೆ ಹೇಳಬಾರದ ಮಾತು. ಆದರೂ ಅವಳ ಹುಬ್ಬು ಅಲುಗಲಿಲ್ಲ. "ನಿನ್ನವನ್ನ ಬಿಟ್ಟು ಹೋಗು. ಅವನ್ನೇ ಕಡ್ಕೊಂಡಿರ್ಲಿ, ಮಂದಿ ಚಪ್ಪಲಿ ಉಳೀತಾವೆ."

ನಾನು ಚಪ್ಪಲಿ ಬಿಟ್ಟೆ. ಅಜ್ಜಿ ಒಂದೇ ನಂಬರಿನ ಎರಡು ತಗಡಿನ ಬಿಲ್ಲೆ ತೆಗೆದು, ಒಂದನ್ನು ನಾಯಿಯ ಕೊರಳಪಟ್ಟಿಗೆ ಕಟ್ಟಿ, ಅದರ ಜೋಡಿಯನ್ನು ನನ್ನ ಕೈಗಿಟ್ಟಳು. "ಇದನ್ನ ತಂದೋರಿಗೆ ನಾಯಿ. ಯಾರಾದ್ರೂ ಆಗ್ಲಿ."

ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿನ ತನಕ ನಡೆದು ಹೊಸ ಚಪ್ಪಲಿ ಕೊಂಡು ಬಸ್ ಹತ್ತಿದೆ. ಕೊಪ್ಪಳ ಮುಟ್ಟುವಷ್ಟರಲ್ಲಿ ಸಾರಥಿಯ ಭತ್ತದ ಚೀಲಗಳು ಕಣ್ಮುಂದೆ ಬರತೊಡಗಿದವು. ತಡೆಯಲಾಗದೆ, ತಾಲೀಮಿನ ನಡುವೆ ತಬಲದವನ ಫೋನ್ ಕಿತ್ತುಕೊಂಡು, ಯಾವುದೋ ದೊಡ್ಡ ಸಾಹೇಬರ ಗಡಸು ಧ್ವನಿ ತೆಗೆದೆ.

"ಆಫೀಸಿನಿಂದ ಮಾತಾಡ್ತಿದ್ದೀವಿ. ಅಲ್ಲೊಂದು ನಾಯಿ ಇದೆಯಂತೆ. ನಮ್ಮವರು ಬರ್ತಾರೆ, ಒಪ್ಪಿಸಿ."

"ಬರ್ಲಿ ಸಾಹೇಬ್ರೇ. ಬಿಲ್ಲೆ ತರಾಕೆ ಹೇಳ್ರಿ."

ಸ್ವಲ್ಪ ಹೊತ್ತು ಬಿಟ್ಟು ಮಾವನಾದೆ. "ಬಿಲ್ಲೆ?" ಎಂದಳು. ಕೊನೆಗೆ ನಾನೇ ನಾನಾದೆ. "ಅಜ್ಜಿ, ನಾನು. ನಮ್ಮ ಹುಡುಗನ್ನ ಕಳಿಸ್ಲಾ?"

"ನೀನೇ ಆದ್ರೆ ಬಿಲ್ಲೆ ನಿನ್ ಹತ್ರನೇ ಇರ್ಬೇಕಲ್ಲ? ಆಮ್ಯಾಲೆ, ಆ ಸಾಹೇಬ್ರ ಆಫೀಸ್ನಾಗೂ ತಬಲ, ನಿಮ್ಮಾವನ ಮನ್ಯಾಗೂ ತಬಲ, ಯಾಕ? ಸುಮ್ನೆ ಇಡು ಫೋನು. ನಾಯಿ ಉಂಡು ಮಲಗೈತೆ."

ಫೋನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎದೆಯ ಮೇಲೆ ಕೂತಿದ್ದ ಅಷ್ಟೂ ಭತ್ತದ ಚೀಲ ಒಮ್ಮೆಲೇ ಇಳಿದ ಹಾಗಾಯಿತು. ಆ ವಾರ ಚೀರಿ, ಕೆಮ್ಮಿ, ಊರಿನವರನ್ನೆಲ್ಲ ವೇದಿಕೆ ಹತ್ತಿಸಿದೆ. ಕೊನೆಯ ದಿನಕ್ಕೆ ಗಂಟಲು ಪೂರ್ತಿ ಕೂತುಹೋಯಿತು. ಓಣಿಯವರೆಲ್ಲ ಮನೆ ಖಾಲಿ ಮಾಡಿ ಹೋದಂತಿತ್ತು.

ಹರಿಹರದಲ್ಲಿ ಇಳಿದು ಜೇಬಿಗೆ ಕೈ ಹಾಕಿದೆ. ಬಿಲ್ಲೆ ಇಲ್ಲ. ಜೋಪಾನವಾಗಿರಲೆಂದು ಅದನ್ನು ಮಿಂಚುವ ಸ್ಟೇಜ್ ಕೋಟಿನ ಒಳಜೇಬಿಗೆ ಹಾಕಿದ್ದೆ. ಕೋಟು ತಂಡದ ವ್ಯಾನಿನಲ್ಲಿ ಹೊಸಪೇಟೆಯ ದಾರಿ ಹಿಡಿದಿತ್ತು.

ನಾಯಿ ನನ್ನನ್ನು ದೂರದಿಂದಲೇ ಕಂಡು, ಕಟ್ಟಿದ ಕಂಬವೇ ಕಿತ್ತುಬರುವಂತೆ ಜಿಗಿಯಿತು. ಮೈ ತುಂಬಿಕೊಂಡಿತ್ತು. ಪಕ್ಕದಲ್ಲಿ ನನ್ನ ಹಳೆಯ ಚಪ್ಪಲಿಗಳ ಅವಶೇಷ. ಅಜ್ಜಿ ಕೈ ಚಾಚಿದಳು. "ಬಿಲ್ಲೆ."

ನಾನು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಕೋಟು, ವ್ಯಾನು, ಹೊಸಪೇಟೆ ಎಲ್ಲವನ್ನೂ ಕೈಸನ್ನೆಯಲ್ಲಿ ಆಡಿ ತೋರಿಸಿದೆ. ಚಪ್ಪಲಿ ಬಿಡಲು ಬಂದವರೆಲ್ಲ ನಿಂತು ನೋಡಿದರು.

"ಇವತ್ತು ಯಾರ ದನಿ ಇದು?" ಎಂದಳು ಅಜ್ಜಿ. "ಭಾಳ ಚಲೋ ಐತೆ. ಕೂಡ್ರು."

"ನಾನು ಗೊತ್ತಲ್ಲ ಅಜ್ಜಿ," ಎಂದು ಪಿಸುಗುಟ್ಟಿದೆ.

"ಗೊತ್ತಿಲ್ದೆ ಏನು? ನಿಮ್ಮಪ್ಪನೂ ಗೊತ್ತು. ಮಾರಿ ನೋಡಿ ಕೊಡ್ತಾ ಹೋದ್ರೆ ಬಿಲ್ಲೆ ಯಾಕ ಬೇಕು? ಕೂಡ್ರು."

ಅಪ್ಪ ಕೂತಿದ್ದ ಅದೇ ಕಟ್ಟೆಯ ಮೇಲೆ ಕೂತೆ. ನಾಯಿ ಹಗ್ಗ ಎಳೆದು ಬಂದು ನನ್ನ ಪಾದದ ಮೇಲೆ ಗದ್ದ ಊರಿತು. ನನ್ನ ನಾಯಿಯನ್ನು ನನಗೇ ಕೊಡದ ಹೆಂಗಸು ಸಿಕ್ಕಿದ್ದಳು! ಸಾರಥಿಯ ತನಕ ಅಲೆದವನಿಗೆ ಇದಕ್ಕಿಂತ ಇನ್ನೇನು ಬೇಕು? ಬಿಸಿಲಿಗೆ ಬೆನ್ನು ಕೊಟ್ಟು ಅಲ್ಲೇ ತೂಕಡಿಸಿದೆ. ಅಷ್ಟು ನಿರಾಳವಾಗಿ ಕೊಪ್ಪಳದ ಲಾಡ್ಜಿನಲ್ಲೂ ಕಣ್ಣು ಮುಚ್ಚಿರಲಿಲ್ಲ.

ಮಧ್ಯಾಹ್ನ ಗುಡಿಯ ಬಾಗಿಲು ಹಾಕಿದರು. ಒಬ್ಬೊಬ್ಬರಾಗಿ ಬಂದು ಬಿಲ್ಲೆ ಕೊಟ್ಟು ಚಪ್ಪಲಿ ಮೆಟ್ಟಿ ಹೋದರು. ಗೂಡುಗಳೆಲ್ಲ ಖಾಲಿಯಾದವು. ಅಜ್ಜಿ ಎದ್ದು, ಒಂದೊಂದು ಗೂಡಿಗೂ ಬಗ್ಗಿ ನೋಡಿ, ಕೊನೆಗೆ ಕಂಬದ ಹಗ್ಗ ಬಿಚ್ಚಿದಳು.

"ಎಲ್ಲಾರ್ದೂ ಹೋಯ್ತು. ಉಳಿದಿದ್ದು ಕಡಿದಿದ್ದ ಒಂದು ಜೋಡಿ, ಒಂದು ನಾಯಿ," ಎಂದು ಹಗ್ಗವನ್ನು ನನ್ನ ಕೈಗಿಟ್ಟಳು. "ಹಂಗಾರೆ ನಿನ್ನವೇ ಇರ್ಬೇಕು. ತಗಂಡೋಗು."